ತೆನೆಯ ಪಾಲು

ಹೊನ್ನಾವರದಲ್ಲಿ ಹೆದ್ದಾರಿ ಅಗಲ ಮಾಡಿದ ಮೇಲೆ ನಾನು ಆ ಕಡೆ ಹೋಗಿರಲಿಲ್ಲ. ಮೊನ್ನೆ ಭಟ್ಕಳಕ್ಕೆ ಒಂದು ಮದುವೆಗೆಂದು ಹೊರಟವಳು ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ರೆಜಿನಾಬಾಯಿಯ ಮನೆ ಇದ್ದ ಜಾಗದಲ್ಲಿ ಮನೆಯೇ ಇಲ್ಲ. ಗೇಟು, ಜಗುಲಿ, ನಾನು ಬಾಡಿಗೆಗಿದ್ದ ಪಕ್ಕದ ಕೋಣೆ, ಎಲ್ಲ ಡಾಂಬರಿನ ಅಡಿಗೆ ಹೋಗಿವೆ. ಹಿಂದಿನ ಬಾವಿಕಟ್ಟೆ ಮಾತ್ರ ರಸ್ತೆಗೆ ಬೆನ್ನು ಹಾಕಿ ಉಳಿದಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ, "ಎಂತ ಆತು? ಕಣ್ಣಿಗೆ ಧೂಳು ಹೋಯ್ತ?" ಎಂದಳು. ಹೌದು ಎಂದೆ. ಗುರುತಿಲ್ಲದವರ ಹತ್ತಿರ ಅಷ್ಟು ಸುಳ್ಳು ಹೇಳಬಹುದು.

೨೦೦೧ರ ಮಳೆಗಾಲ ಹಿಡಿಯುವ ಹೊತ್ತಿಗೆ ನನಗೆ ಹೊನ್ನಾವರದ ಶಾಲೆಯೊಂದಕ್ಕೆ ಟೀಚರ್ ಕೆಲಸದ ಆರ್ಡರ್ ಬಂದಿತ್ತು. ನಮ್ಮೂರು ಹಿರೇಗುತ್ತಿ. ಮಳೆಯಲ್ಲಿ ದಿನಾ ಬಸ್ಸು ಹತ್ತಿ ಇಳಿಯುವುದು ಆಗುವ ಹೋಗುವ ಮಾತಲ್ಲ ಎಂದು ಕೋಣೆ ಹುಡುಕಿದೆ. ಸಿಕ್ಕಿದ್ದು ರೆಜಿನಾಬಾಯಿಯ ಮನೆಯಲ್ಲಿ. ಅಮ್ಮನಿಗೆ ನಾವು ಆಯಿ ಎನ್ನುವುದು. ಆಯಿ ಸುದ್ದಿ ಕೇಳಿ ತಲೆಯ ಮೇಲೆ ಕೈ ಹೊತ್ತಳು. "ಕಿರಸ್ತಾನರ ಮನೇಲಿ ಇರೂಕೆ ಹ್ವಾಗ್ತ್ಯ? ಬ್ಯಾರೆ ಎಲ್ಲೂ ಜಾಗ ಸಿಗ್ಲಿಲ್ವ ನಿಂಗೆ?"

"ಅವ್ರ ಮನೆ ಬಚ್ಚಲಿಗೆ ಬಾಗಿಲು ಉಂಟು ಆಯಿ," ಎಂದೆ. ನಮ್ಮ ಮನೆಯ ಬಚ್ಚಲಿಗೆ ಆಗ ತೆಂಗಿನ ಗರಿಯ ತಡಿಕೆ ಮಾತ್ರ ಇತ್ತು. ಆಯಿ ನನ್ನ ಟ್ರಂಕು ತುಂಬಲು ಕೂತಳು.

ರೆಜಿನಾಬಾಯಿ ವಿಧವೆ. ಬೆಳ್ಳಗಿನ ತಲೆ, ಗಟ್ಟಿ ತುರುಬು, ಸೊಂಟಕ್ಕೆ ಬಿಗಿದ ಸೆರಗು. ನಾನು ಬಾಯಮ್ಮ ಎಂದು ಕರೆಯುತ್ತಿದ್ದೆ. ಮೂವರು ಮಕ್ಕಳು. ಮಗಳು ಬೆಳಗಾವಿ ಕಡೆ ಕನ್ಯಾಮಠದಲ್ಲಿ ಸಿಸ್ಟರ್, ಕಿರಿಯ ಮಗ ದುಬೈಯಲ್ಲಿ, ಹಿರಿಯವ ಲೂವಿಸ್ ಕುಮಟಾದಲ್ಲಿ. ಮೊದಲ ಇಬ್ಬರ ಫೋಟೋ ಗೋಡೆಯ ಮೇಲಿತ್ತು. ಲೂವಿಸನದು ಇರಲಿಲ್ಲ.

ಅಬ್ಬಬ್ಬ, ಆ ಮನೆಯ ನಿಯಮಗಳೋ! ಸಂಜೆ ಜಪಮಾಲೆ ಹಿಡಿದು ಕೂತರೆಂದರೆ ಮುಗಿಯುವ ತನಕ ನಲ್ಲಿ ತಿರುಗಿಸುವ ಹಾಗಿಲ್ಲ. ಶುಕ್ರವಾರ ಮಾಂಸ ಇಲ್ಲ. ಭಾನುವಾರ ಸೂಜಿ ದಾರ ಮುಟ್ಟುವಂತಿಲ್ಲ. ಒಂದು ಭಾನುವಾರ ನಾನು ಬ್ಲೌಸಿನ ಹುಕ್ಕು ಹಾಕಲು ಕೂತಿದ್ದೆ. ಬಾಯಮ್ಮ ಬಂದು ಸೂಜಿಯನ್ನೇ ಕಸಿದುಕೊಂಡರು.

"ನಿಮ್ಮ ದೇವರಿಗೆ ನನ್ನ ಹುಕ್ಕಿನ ಸುದ್ದಿ ಎಂತಕೆ ಬಾಯಮ್ಮ?"

"ಹುಕ್ಕು ನಿಂದು. ಮನೆ ದೇವರದ್ದು."

ನಾನು ದಿನವಿಡೀ ಪಿನ್ನು ಸಿಕ್ಕಿಸಿಕೊಂಡು ಓಡಾಡಿದೆ. ಆದರೆ ಅದೇ ಬಾಯಮ್ಮ ನನಗೆ ಜ್ವರ ಬಂದಾಗ ತಮ್ಮ ಕಂಬಳಿ ಹೊದಿಸಿ, ಗಂಜಿಗೆ ಮಾವಿನ ಮಿಡಿ ಹಾಕಿ ತಂದು, ನಾನು ಉಣ್ಣುವ ತನಕ ಹೊಸಿಲ ಮೇಲೆ ಕೂತಿದ್ದರು. ಅವರನ್ನು ಬೈಯುವುದೂ ಕಷ್ಟ, ಬೈಯದೆ ಇರುವುದೂ ಕಷ್ಟ.

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಕೇರಿಯ ಮಕ್ಕಳು ಅವರ ಜಗುಲಿಗೆ ಬರುತ್ತಿದ್ದರು. ಬಾಯಮ್ಮ ಅವರಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದರು. ಹತ್ತು ಕಟ್ಟಳೆಗಳನ್ನು ಮಕ್ಕಳು ರಾಗವಾಗಿ ಒಪ್ಪಿಸುವುದು ನನ್ನ ಕೋಣೆಗೆ ಕೇಳುತ್ತಿತ್ತು. ಕೊನೆಗೆ ಬಾಯಮ್ಮ, ಹತ್ತನ್ನೂ ಹಿಂಡಿದರೆ ಉಳಿಯುವುದು ಎಂತ ಎಂದು ಕೇಳುವರು. ದೇವರ ಮೇಲೆ ಪ್ರೀತಿ, ಜನರ ಮೇಲೆ ಪ್ರೀತಿ ಎಂದು ಮಕ್ಕಳು ಕೂಗಿ ಚಪ್ಪಲಿ ಮೆಟ್ಟಿಕೊಂಡು ಓಡುವರು. ನಮ್ಮ ಕಡೆ ಮಡಿ ಮೈಲಿಗೆ ಸೂತಕ ಎಲ್ಲ ಕಂಡವಳು ನಾನು. ಇವರದು ಪರವಾಗಿಲ್ಲ, ಹಿಂಡಿದರೆ ಎರಡೇ ಮಾತು ಎಂದುಕೊಳ್ಳುತ್ತಿದ್ದೆ.

ಲೂವಿಸನ ಕತೆ ನನಗೆ ತಿಳಿದದ್ದು ಸೆಪ್ಟೆಂಬರಿನಲ್ಲಿ, ಅವರ ತೆನೆಹಬ್ಬದ ದಿನ. ನಮ್ಮಲ್ಲಿ ಹೊಸ್ತು ಎಂದು ಹೊಸ ಅಕ್ಕಿಯ ಊಟ ಮಾಡುತ್ತಾರಲ್ಲ, ಹಾಗೆಯೇ ಅವರಲ್ಲಿ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಮಂತ್ರಿಸಿ ಮನೆಮನೆಗೆ ಕೊಡುತ್ತಾರೆ. ಮನೆಯ ಹಿರಿಯರು ಕಾಳು ಸುಲಿದು ಕುಟ್ಟಿ, ತೆಂಗಿನಹಾಲಿಗೆ ಬೆಲ್ಲದ ಜೊತೆ ಹಾಕಿ, ಒಬ್ಬೊಬ್ಬರ ಹೆಸರು ಹಿಡಿದು ಕೊಡಬೇಕು. ದೂರ ಇರುವವರ ಪಾಲು ಎತ್ತಿಡಬೇಕು. ಅಂದು ಬಾಯಮ್ಮ ಎರಡು ಕವರಿಗೆ ನಾಲ್ಕು ನಾಲ್ಕು ಕಾಳು ಹಾಕಿ ಅಂಟಿಸಿದರು. ಒಂದು ಬೆಳಗಾವಿಗೆ, ಒಂದು ದುಬೈಗೆ. ಆಮೇಲೆ ನನ್ನನ್ನು ಕರೆದು ಒಂದು ಲೋಟ ತೆನೆಹಾಲು ಕೈಗಿತ್ತರು.

"ನಂಗೂ ಉಂಟಾ?"

"ಈ ಮನೆ ಅನ್ನ ಉಣ್ಣೂದಿಲ್ವ ನೀನು? ಮನೆಯವಳೇ."

ಕುಡಿದು ಲೋಟ ಇಡುವ ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ನಿಂತಿದ್ದು ಕಂಡಿತು. ನಲವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಎಂಜಿನ್ ಎಣ್ಣೆಯ ಕಪ್ಪು, ಬಾಯಮ್ಮನದೇ ಮೂಗು. ಕೈಯಲ್ಲಿ ಬೆಂಡೆಕಾಯಿ, ಹೀರೆಕಾಯಿಯ ಚೀಲ. ಹಬ್ಬದ ದಿನ ಅವರಲ್ಲಿ ಬರೀ ತರಕಾರಿಯ ಊಟ. "ಅಮ್ಮನಿಗೆ ಕೊಡಿ ಟೀಚರೇ," ಎಂದು ಚೀಲ ನನ್ನ ಕೈಗಿತ್ತು, ಸ್ವಲ್ಪ ಹೊತ್ತು ಒಳಗೆ ನೋಡಿ, ಕುಮಟಾ ಬಸ್ಸಿಗೆ ಕೈ ಅಡ್ಡ ಹಿಡಿದು ಹೋದ. ಬಾಯಮ್ಮ ಒಳಗಿಂದ ಹೊರಗೆ ಬರಲೇ ಇಲ್ಲ. ಆದರೆ ಬೆಂಡೆಕಾಯಿ ಪಲ್ಯವಾಗಿ ಬಾಳೆಯೆಲೆಗೆ ಬಂತು. ನನ್ನ ನಾಲಿಗೆ ಸುಮ್ಮನಿರುವುದಲ್ಲ. "ಬೆಂಡೆಕಾಯಿ ಆಗ್ತದೆ, ಮಗ ಆಗೂದಿಲ್ವ ಬಾಯಮ್ಮ?" ಎಂದೆ.

ಆಗ ಹೇಳಿದರು. ಲೂವಿಸ್ ಕುಮಟಾದಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಾನೆ. ಅಲ್ಲಿ ಲೀನಾ ಎಂಬವಳ ಜೊತೆ ಸಂಸಾರ ಮಾಡಿಕೊಂಡಿದ್ದಾನೆ. ಲೀನಾಳಿಗೆ ಮೊದಲು ಇಗರ್ಜಿಯಲ್ಲಿ ಮದುವೆಯಾಗಿತ್ತು. ಗಂಡ ಮದುವೆಯಾದ ಸ್ವಲ್ಪ ದಿನಕ್ಕೇ ಗಲ್ಫಿಗೆ ಹೋದವ ಪತ್ತೆಯಿಲ್ಲ. ಅವ ಸತ್ತಿದ್ದಾನೆಂದು ಗೊತ್ತಾಗುವ ತನಕ ಇಗರ್ಜಿಯ ಲೆಕ್ಕದಲ್ಲಿ ಆ ಮದುವೆ ಮದುವೆಯೇ. ಹಾಗಾಗಿ ಲೂವಿಸ್, ಲೀನಾ ಇಬ್ಬರಿಗೂ ಪೂಜೆಯಲ್ಲಿ ಪಾದ್ರಿ ಎಲ್ಲರಿಗೂ ಹಂಚುವ ರೊಟ್ಟಿಯ ಪರಮಪ್ರಸಾದ ಇಲ್ಲ.

"ಪರಮಪ್ರಸಾದ ಇಲ್ದವರಿಗೆ ತೆನೆಯೂ ಇಲ್ಲ," ಎಂದರು ಬಾಯಮ್ಮ. "ನಾನು ಮಾಡಿದ ನಿಯಮ ಅಲ್ಲ."

"ಎಲ್ಲಿದ್ದಾನೆಂದೇ ಗೊತ್ತಿಲ್ಲದ ಆ ಗಂಡನಿಗೆ ಇಷ್ಟು ಮರ್ಯಾದೆ. ಕಣ್ಣೆದುರು ಇರೂ ಮಗನಿಗೆ ಇಲ್ಲ."

ಬಾಯಮ್ಮ ತಮ್ಮ ಎಲೆ ಮಡಚಿ ಎದ್ದರು. ಹಿರೇಗುತ್ತಿಯಿಂದ ಬಂದ ನನಗೆ ಪಾಲು, ಹೊಟ್ಟೆಯಲ್ಲಿ ಹುಟ್ಟಿದವನಿಗೆ ಇಲ್ಲ. ಬಾಯಮ್ಮನಿಗೆ ಕುಮಟಾ ದುಬೈಗಿಂತ ದೂರವಾಗಿತ್ತು.

ಕ್ರಿಸ್ಮಸ್ ಕಳೆದ ಮೇಲೆ ಲೂವಿಸನಿಗೆ ಹುಷಾರಿಲ್ಲ ಎಂಬ ಸುದ್ದಿ ಬಂತು. ಮೀನು ಮಾರಲು ಬರುವ ಹೆಂಗಸು ಹೇಳಿದ್ದು. ಹೊಟ್ಟೆಯಲ್ಲಿ ಗಡ್ಡೆ, ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದರು, ಮನೆಯಲ್ಲೇ ಇರಲಿ ಎಂದು ಕಳಿಸಿದ್ದಾರೆ. ಬಂಗಡೆ ಆರಿಸುತ್ತಿದ್ದ ಬಾಯಮ್ಮನ ಕೈ ಹಾಗೇ ಬುಟ್ಟಿಯಲ್ಲಿ ನಿಂತಿತು. ಆಮೇಲೆ ಏನೂ ಕೊಳ್ಳದೆ ಒಳಗೆ ಹೋದರು.

ಅಂದಿನಿಂದ ಸಂಜೆಯ ಜಪ ಉದ್ದವಾಯಿತು. ಕೊನೆಯಲ್ಲಿ ಹೆಸರು ಹೇಳದೆ ಇನ್ನೊಂದು ಪ್ರಾರ್ಥನೆ ಸೇರಿಕೊಂಡಿತು. ಸೊಂಟ ನೋವಿನವರು ಬರಿಯ ನೆಲಕ್ಕೆ ಮೊಣಕಾಲೂರುತ್ತಿದ್ದರು. ಕುಮಟಾದ ಕಡೆಯಿಂದ ಬಸ್ಸು ಬರುವ ಹೊತ್ತಿಗೆ ಗೇಟಿನ ಹತ್ತಿರ ಎಂತಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದರು. ಒಮ್ಮೆ ಕಸಪೊರಕೆ, ಒಮ್ಮೆ ಒಣಗಿದ ತೆಂಗಿನಗರಿ. ಇಷ್ಟೆಲ್ಲ ಕಂಡು ನಾನು, ಹೋಗಿ ಮಗನನ್ನು ನೋಡಿ ಬನ್ನಿ ಎಂದರೆ, "ತಪಸ್ಸು ಕಾಲ ಇದು. ಈಸ್ಟರ್ ಆಗ್ಲಿ," ಎನ್ನುವರು. ಈಸ್ಟರಿಗೆ ಮುಂಚಿನ ನಲವತ್ತು ದಿನ ಅವರಲ್ಲಿ ಉಪವಾಸ, ವ್ರತದ ಕಾಲ. ಆ ಸಂಸಾರದ ಹೊಸಿಲು ತುಳಿದರೆ ಅದನ್ನು ಒಪ್ಪಿದ ಹಾಗೆ ಎಂಬ ಹೆದರಿಕೆ ಅವರಿಗೆ. ಪ್ರೀತಿ ಇಲ್ಲದ್ದಕ್ಕೆ ಹೋಗಲಿಲ್ಲ ಎಂದರೆ ನಾನು ಒಪ್ಪುವವಳಲ್ಲ. ಪ್ರೀತಿ ಇತ್ತು. ಅದಕ್ಕೆ ಯಾರದೋ ಅಪ್ಪಣೆ ಬೇಕು ಎಂದು ಕಾದು ಕೂತಿದ್ದರು.

ಈಸ್ಟರಿಗೆ ಮುಂಚಿನ ಗುರುವಾರ ಮಧ್ಯಾಹ್ನ ಲೀನಾ ಬಂದಳು. ಉರಿಬಿಸಿಲು. ಸಣ್ಣ ಜೀವ, ತಲೆಗೆ ಸೆರಗು, ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು. ಗೇಟು ದಾಟಲಿಲ್ಲ. ನಾನೇ ಕೈ ಹಿಡಿದು ಎಳೆದುಕೊಂಡು ಬಂದು ಜಗುಲಿಯ ಮೆಟ್ಟಿಲ ಮೇಲೆ ಕೂರಿಸಿ ನೀರು ಕೊಟ್ಟೆ. ಬಾಯಮ್ಮ ಸಂಜೆಯ ಪೂಜೆಗೆ ಬಿಳಿ ಸೀರೆ ಮಡಿಸುತ್ತಾ ಒಳಗೆ ನಿಂತಿದ್ದರು. ಬಾಗಿಲು ತೆರೆದೇ ಇತ್ತು.

ಲೀನಾ ನನ್ನ ಮುಖ ನೋಡುತ್ತಾ ಅವರಿಗೆ ಕೇಳುವ ಹಾಗೆ ಹೇಳಿದಳು: "ಅವ್ರಿಗೆ ಹೊಟ್ಟೆಗೆ ಎಂತದೂ ಹೋಗೂದಿಲ್ಲ ಟೀಚರೇ. ಗಂಜಿ ನೀರೂ ನಿಲ್ಲೂದಿಲ್ಲ. ನಿನ್ನೆ ತೆನೆಹಾಲು ಬೇಕು ಅಂದ್ರು. ಅಮ್ಮನ ಕೈದು. ತೆನೆ ಹಬ್ಬಕ್ಕೆ ಮಾತ್ರ ಅಲ್ದ ಅಂದೆ. ಅಮ್ಮ ದೇವರ ಪಟದ ಹಿಂದೆ ಒಣಗ್ಸಿ ಇಟ್ಟಿರ್ತಾಳೆ, ಕೇಳು ಅಂದ್ರು."

ಒಳಗೆ ಸೀರೆ ಮಡಿಸುವ ಕೈ ನಿಂತಿತು. ಪಟದ ಹಿಂದೆ ಒಂದು ಹಿಡಿ ತೆನೆ ಸಿಕ್ಕಿಸಿದ್ದು ನಾನೂ ನೋಡಿದ್ದೆ.

"ನಿಯಮ ಅವನಿಗೂ ಗೊತ್ತುಂಟು," ಎಂದರು ಬಾಯಮ್ಮ, ಬೆನ್ನು ತಿರುಗಿಸಿದವರು ತಿರುಗಿಸಿದ ಹಾಗೇ. ಆಮೇಲೆ, "ಈಸ್ಟರ್ ಆಗ್ಲಿ. ಸೋಮವಾರ ಬಂದು ನೋಡ್ತೇನೆ," ಎಂದರು.

ಲೀನಾ ಲೋಟ ತೊಳೆದಿಟ್ಟು ಎದ್ದಳು. "ಸೋಮವಾರ ಬರ್ತಾರೆ ಅಂತ ಹೇಳ್ತೆ," ಎಂದು ಬಿಸಿಲಿಗೆ ಇಳಿದಳು. ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ದೇವರಿಗೆ ಕಣ್ಣಿಲ್ವ ಬಾಯಮ್ಮ?" ಎಂದೆ. ಅವರು ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಿದರು.

ಆ ಸಂಜೆ ಇಗರ್ಜಿಯಲ್ಲಿ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪಾದ್ರಿ ಹನ್ನೆರಡು ಜನರ ಕಾಲು ತೊಳೆಯುತ್ತಾರೆ, ನೋಡೂಕೆ ಬಾ ಎಂದು ಬಾಯಮ್ಮ ಮೊದಲೇ ಕರೆದಿದ್ದರು. ಸಿಟ್ಟಿನಲ್ಲೇ ಹೋದೆ. ಪಾದ್ರಿ ಹಳಿಯಾಳ ಕಡೆಯ ಚಿಕ್ಕ ಪ್ರಾಯದವರು. ನೆಲಕ್ಕೆ ಕೂತು ಒಬ್ಬೊಬ್ಬರ ಕಾಲು ತೊಳೆದು, ಒರೆಸಿ, ಬಗ್ಗಿ ಮುತ್ತು ಕೊಟ್ಟರು. ದೋಣಿಯವರ ಒಡೆದ ಹಿಮ್ಮಡಿಗಳು. ಬಾಯಮ್ಮ ತಲೆ ಎತ್ತದೆ ಕೂತಿದ್ದರು. ಮನೆಗೆ ಬಂದು ಊಟವೂ ಮಾಡಲಿಲ್ಲ.

ಮರುದಿನ ಯೇಸು ಸತ್ತ ಶುಕ್ರವಾರ. ಆ ದಿನ ಅವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬಾಯಮ್ಮ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮಧ್ಯಾಹ್ನದ ಪ್ರಾರ್ಥನೆಗೆ ಹೊರಟಾಗ ಕಾಲು ತೂರಾಡುತ್ತಿತ್ತು, ಹಾಗಾಗಿ ನಾನು ಕೊಡೆ ಹಿಡಿದು ಜೊತೆಗೆ ಹೋದೆ. ಎಲ್ಲ ಮುಗಿದು ಜನ ಹೋದ ಮೇಲೆ ಬಾಯಮ್ಮ ಅಂಗಳದಲ್ಲಿ ಪಾದ್ರಿಯವರನ್ನು ನಿಲ್ಲಿಸಿದರು.

"ಫಾದರ್, ಒಂದು ನಿಯಮ ಕೇಳೂದುಂಟು."

"ಕೇಳ್ರಿ ತಾಯಿ."

"ಪರಮಪ್ರಸಾದ ತಕೊಳ್ಳೂಕೆ ಆಗದವರಿಗೆ ತೆನೆ ಕೊಟ್ರೆ ದೊಡ್ಡ ಪಾಪವಾ, ಸಣ್ಣ ಪಾಪವಾ?"

ಪಾದ್ರಿಯವರಿಗೆ ಮೊದಲು ತಿಳಿಯಲೇ ಇಲ್ಲ. "ತೆನೀ ಏನ್ರಿ? ಅದಕ್ಕೇನ್ ಪಾಪ?" ಎಂದರು. ಬಾಯಮ್ಮ ಮಗನ ಸಂಗತಿಯನ್ನೆಲ್ಲ ಹೇಳಿದರು. ಅವರು ಅದನ್ನು ಹೊರಗಿನವರ ಹತ್ತಿರ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಪರಮಪ್ರಸಾದದ ಮಾತು ಬ್ಯಾರೆ. ಅದಕ್ಕ ಇಗರ್ಜಿ ಕಟ್ಟಳೆ ಐತಿ, ನನ್ನ ಕೈಯಾಗಿಲ್ಲ," ಎಂದರು ಪಾದ್ರಿ. "ಆದ್ರ ತೆನಿ ಗದ್ದ್ಯಾಗ ಬೆಳದದ್ದು. ಮನಿಮಂದಿ ಕೂಡಿ ತಿನ್ನಲಿ ಅಂತ ಆಶೀರ್ವಾದ ಮಾಡಿ ಕೊಡ್ತೀವಿ. ಅದನ್ನ ಮಗಗ ಕೊಡಬ್ಯಾಡ್ರಿ ಅಂತ ಯಾರ ಹೇಳ್ಯಾರ ನಿಮಗ?"

ಬಾಯಮ್ಮ ಸುತ್ತ ನೋಡಿದರು. ಹೇಳಿದವರು ಅಲ್ಲೇ ಎಲ್ಲಾದರೂ ಸಿಗುತ್ತಾರೋ ಎಂಬಂತೆ ನೋಡಿದರು. "ಯಾರೂ ಹೇಳ್ಲಿಲ್ಲ ಫಾದರ್," ಎಂದರು ಕೊನೆಗೆ. "ಹಾಗೇ ಇರ್ಬೇಕು ಅಂತ ನಾನೇ ತಿಳ್ಕೊಂಡೆ."

ಪಾದ್ರಿ ದನಿ ತಗ್ಗಿಸಿದರು. "ನಿನ್ನೆ ಕಾಲು ತೊಳದ್ನಲ್ರಿ. ಅವತ್ತ ಯೇಸುನ ಎದುರು ಕುಂತ ಹನ್ನೆರಡು ಮಂದ್ಯಾಗ ಒಬ್ಬಾಂವ ಹಿಡಕೊಡಾಂವ ಇದ್ದ, ಒಬ್ಬಾಂವ ನನಗ ಇಂವ ಗೊತ್ತ ಇಲ್ಲ ಅನ್ನಾಂವ ಇದ್ದ. ಅದು ಗೊತ್ತಿದ್ದೂ ಎಲ್ಲಾರ ಕಾಲು ತೊಳದ, ಎಲ್ಲಾರಿಗೂ ಊಟ ಕೊಟ್ಟ. ನಮ್ಮ ಕಟ್ಟಳೆ ಎಲ್ಲಾ ಹುಟ್ಟೋದು ಅಲ್ಲಿಂದನ ತಾಯಿ. ಅದನ್ನ ಬಿಟ್ಟು ಕಟ್ಟಳೆ ಹಿಡಕೊಂಡ್ರ ಕೈಯಾಗ ಏನ ಉಳೀತದ? ಹೋಗಿ ಮಗನ್ನ ನೋಡ್ರಿ."

ಅಲ್ಲಿಂದಲೇ ಬಸ್ಸು ಹತ್ತುತ್ತಾರೆ ಎಂದುಕೊಂಡೆ. ಇಲ್ಲ. ಬರಿಗೈಯಲ್ಲಿ ಹೇಗೆ ಹೋಗುವುದು, ಅವನು ಕೇಳಿದ್ದು ತೆನೆಹಾಲು, ಇವತ್ತು ಒಲೆ ಹಚ್ಚುವ ಹಾಗಿಲ್ಲ, ನಾಳೆ ಮೊದಲ ಬಸ್ಸಿಗೆ ಹೋಗುವ ಎಂದರು. ಎಂತ ಹೇಳುವುದು ಆ ಜೀವಕ್ಕೆ! ಒಂದು ಬೇಲಿ ಬಿದ್ದಿತ್ತು, ಇನ್ನೊಂದರ ಒಳಗೆ ನಿಂತಿದ್ದರು.

ಆದರೂ ಆ ಸಂಜೆ ಬಾಯಮ್ಮನ ಮುಖದಲ್ಲಿ ನಾನು ಎಂದೂ ಕಾಣದ ಒಂದು ಗೆಲುವು ಇತ್ತು. ಪಟದ ಹಿಂದಿನ ತೆನೆ ತೆಗೆದು ಮಡಿಲಲ್ಲಿ ಹಾಕಿಕೊಂಡು, ಒಂದೊಂದೇ ಕಾಳನ್ನು ಉಗುರಿನಿಂದ ಸುಲಿಯುತ್ತಾ ಲೂವಿಸನ ಸುದ್ದಿ ಹೇಳಿದರು. ಸಣ್ಣವನಿದ್ದಾಗ ತನ್ನ ಪಾಲು ಕುಡಿದು ತಂಗಿಯ ಲೋಟಕ್ಕೂ ಬೆರಳು ಅದ್ದುತ್ತಿದ್ದನಂತೆ. ಅಪ್ಪನ ಕೈಯಿಂದ ಪೆಟ್ಟು ತಿಂದರೆ ಬಾವಿಕಟ್ಟೆಯ ಹಿಂದೆ ಅಡಗಿ, ಅಮ್ಮ ಕರೆದರೆ ಮಾತ್ರ ಬರುತ್ತಿದ್ದನಂತೆ. "ಬೇರೆ ಯಾರು ಕರೆದ್ರೂ ಬರ್ತಿರ್ಲಿಲ್ಲ ಮಗಾ. ಹಟಮಾರಿ." ಹೇಳುತ್ತಾ ನಕ್ಕರು. ಲೀನಾಳ ಬಗ್ಗೆ ಒಂದೇ ಮಾತು ಕೇಳಿದರು: "ಅವಳು ತುಂಬ ಸಪೂರ ಆಗಿದ್ದಾಳೆ ಅಲ್ಲಾ?"

ಶನಿವಾರ ಬೆಳಕು ಹರಿಯುವ ಮುಂಚೆ ಒಲೆ ಹಚ್ಚಿದರು. ತೆಂಗಿನಹಾಲು ತೆಗೆದು, ಬೆಲ್ಲ ಕರಗಿಸಿ, ಕಾಳು ನುಣ್ಣಗೆ ಅರೆದು ಹಾಕಿದರು. ಅವನಿಗೆ ನುಂಗಲು ಆಗುವುದಿಲ್ಲವೆಂದು ಬಟ್ಟೆಯಲ್ಲಿ ಎರಡು ಸಲ ಸೋಸಿದರು. ಸ್ಟೀಲಿನ ಡಬ್ಬಿಗೆ ಹೊಯ್ದು, ಮುಚ್ಚಳ ಬಿಗಿದು, ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ತಾವು ಒಂದು ತೊಟ್ಟೂ ಬಾಯಿಗೆ ಹಾಕಲಿಲ್ಲ. ಈಸ್ಟರ್ ಬರುವ ತನಕ ಸಿಹಿ ತಿನ್ನುವುದಿಲ್ಲ ಎಂಬ ಅವರ ವ್ರತ ಹಾಗೇ ಇತ್ತು.

ಕುಮಟಾದಲ್ಲಿ ಇಳಿದು ಬಾಡ ಎಂಬ ಊರಿನ ರಸ್ತೆಯಲ್ಲಿ ರಿಕ್ಷಾ ಹಿಡಿದೆವು. ಓಣಿ ತಿರುಗಿದ ಕೂಡಲೇ ಕಂಡಿತು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಬಾಗಿಲ ಹೊರಗೆ ರಾಶಿ ಚಪ್ಪಲಿ, ಮಾತಿಲ್ಲದೆ ನಿಂತ ಗಂಡಸರು. ಬಾಯಮ್ಮ ಅಳಲಿಲ್ಲ. ಇಳಿಯುವಾಗ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಚೆಲ್ಲದ ಹಾಗೆ ಹಿಡಿ ಮಗಾ," ಎಂದರು.

ಒಳಗೆ ಚಾಪೆಯ ಮೇಲೆ ಲೂವಿಸನನ್ನು ಮಲಗಿಸಿದ್ದರು. ತಲೆಯ ಹತ್ತಿರ ಮೇಣದಬತ್ತಿ. ಸುತ್ತ ಬಾಡದ ಮೀನುಗಾರರ ಹೆಂಗಸರು, ಅವನು ಎಂಜಿನ್ ರಿಪೇರಿ ಮಾಡಿಕೊಡುತ್ತಿದ್ದ ಮನೆಗಳವರು. ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿದ್ದ. ಬಾಯಮ್ಮ ಮಗನ ಪಕ್ಕ ಕೂತು, ಅವನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಉಗುರಿನ ಸಂದಿಯ ಕಪ್ಪನ್ನು ಸೆರಗಿನಿಂದ ತಿಕ್ಕಿದರು. ಹೋಗಲಿಲ್ಲ. ಮತ್ತೆ ತಿಕ್ಕಿದರು.

"ನಿನ್ನೆ ಪೂರಾ ದಾರಿ ನೋಡಿದ್ನ?" ಎಂದು ಲೀನಾಳನ್ನು ಕೇಳಿದರು.

"ಇಲ್ಲ," ಎಂದಳು ಲೀನಾ. ಅವಳ ಕಣ್ಣಲ್ಲಿ ನೀರೇ ಉಳಿದಿರಲಿಲ್ಲ. "ಸೋಮವಾರ ಬರ್ತಾರೆ ಅಂದೆ ನಾನು. ಅವ್ರು ಒಪ್ಲಿಲ್ಲ. ಅಮ್ಮ ಅಷ್ಟು ದಿನ ತಡೀಲಿಕ್ಕಿಲ್ಲ ಅಂದ್ರು. ಇವತ್ತು ಶುಕ್ರವಾರ, ಅಮ್ಮ ಒಲೆ ಹಚ್ಚೂದಿಲ್ಲ, ನಾಳೆ ಬೆಳಿಗ್ಗೆ ತಕೊಂಡು ಬರ್ತಾಳೆ ನೋಡು ಅಂದ್ರು."

ಆಗ ಬಾಯಮ್ಮನ ಗಂಟಲಿನಿಂದ ಒಂದು ದನಿ ಹೊರಟಿತು. ಅಂಥ ದನಿಯನ್ನು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಮಗನ ಎದೆಯ ಮೇಲೆ ತಲೆಯಿಟ್ಟು, ನಿಯಮ, ನಿಯಮ ಎನ್ನುತ್ತಾ ಅತ್ತರು. ಮೀನಿನ ಹೆಂಗಸರೂ ಅತ್ತರು. ನಾನೂ ಗೋಡೆಗೆ ಮುಖ ಮಾಡಿ ಅತ್ತೆ.

ಎಷ್ಟೋ ಹೊತ್ತಿನ ಮೇಲೆ ಎದ್ದು ಕೂತು ಡಬ್ಬಿ ಕೇಳಿದರು. ಬೆರಳ ತುದಿಯನ್ನು ಅದ್ದಿ ಲೂವಿಸನ ತುಟಿಗೆ ಸವರಿದರು. ಆಮೇಲೆ ಡಬ್ಬಿಯನ್ನೂ ಚಮಚವನ್ನೂ ಲೀನಾಳ ಕಡೆಗೆ ಚಾಚಿದರು. ಲೀನಾ ಹಿಂದೆ ಸರಿದಳು.

"ನಾನು ತಿನ್ಬಹುದಾ?" ಎಂದು ಕೇಳಿದಳು. ಕೊಂಕಿನಿಂದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದಳು.

"ಬೇಡ ಹೇಳೂಕೆ ನಾನು ಯಾರು?" ಎಂದರು ಬಾಯಮ್ಮ. "ಮನೆಯವರ ಪಾಲು ಇದು. ನಿಂದು."

ಲೀನಾ ಡಬ್ಬಿ ತೆಗೆದುಕೊಂಡು ಒಂದು ಚಮಚ ಕುಡಿದಳು. ಎರಡನೆಯ ಚಮಚ ತುಂಬಿದವಳು ಅದನ್ನು ತನ್ನ ಬಾಯಿಗೆ ಒಯ್ಯದೆ ಅತ್ತೆಯ ಮುಖವನ್ನೇ ನೋಡಿದಳು. ಒಣಗಿದ ತುಟಿ, ನಡುಗುವ ಕತ್ತು.

"ಮಾಂಯ್," ಎಂದಳು. ಅವರಲ್ಲಿ ಗಂಡನ ತಾಯಿಯನ್ನು ಕರೆಯುವುದು ಹಾಗೆ. "ನೀವೂ ಎಂತದೂ ತಿನ್ಲಿಲ್ಲ ಅಲ್ದ?"

ಚಮಚವನ್ನು ಅವರ ತುಟಿಯ ಹತ್ತಿರ ಹಿಡಿದಳು. ಅಂದು ಶನಿವಾರ. ಈಸ್ಟರ್ ಇನ್ನೂ ಆಗಿರಲಿಲ್ಲ. ಬಾಯಮ್ಮ ಕುಡಿದರು.